ವಿಷಯಗಳ ನಡುವಿನ ಗೋಡೆ ದಾಟಿದ ವಿಜ್ಞಾನಿ: ಜಿ.ಎನ್. ರಾಮಚಂದ್ರನ್

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಜೈವಿಕ ಅಣುಗಳ ಪಾಠ ಬರುತ್ತದೆ. ಪ್ರಾಣಿ ಜಗತ್ತಿನಲ್ಲಿ ಅತಿ ಹೆಚ್ಚಾಗಿ ಇರುವ ಪ್ರೋಟೀನ್ ಕೊಲಾಜನ್ ಎಂದು ಅಲ್ಲಿ ಓದುತ್ತೇವೆ, ಒಂದು ಅಂಕದ ಪ್ರಶ್ನೆಗೆಂದು ಅದನ್ನು ನೆನಪಿಟ್ಟುಕೊಂಡು ಮುಂದೆ ಸಾಗುತ್ತೇವೆ. ಆ ಕೊಲಾಜನ್ ಅಣುವಿನ ಆಕಾರ ಹೇಗಿದೆ ಎಂಬ ಪ್ರಶ್ನೆಗೆ ಮೂರು ಎಳೆಗಳ ಹಗ್ಗ ಎಂಬ ಉತ್ತರವನ್ನು ಜಗತ್ತಿಗೆ ಕೊಟ್ಟದ್ದು ಮದ್ರಾಸಿನ ಒಂದು ಪ್ರಯೋಗಾಲಯ. ಅದು ಜೀವಶಾಸ್ತ್ರದ ಪ್ರಯೋಗಾಲಯವಾಗಿರಲಿಲ್ಲ, ರಸಾಯನಶಾಸ್ತ್ರದ್ದೂ ಆಗಿರಲಿಲ್ಲ. ಅದು ಭೌತಶಾಸ್ತ್ರ ವಿಭಾಗ. ಅದರ ಮುಖ್ಯಸ್ಥರಾಗಿದ್ದವರು ಜಿ.ಎನ್. ರಾಮಚಂದ್ರನ್.

ಪಿಸಿಎಂಬಿ ಆಯ್ದುಕೊಂಡ ವಿದ್ಯಾರ್ಥಿಗೆ ನಾಲ್ಕು ಪುಸ್ತಕ, ನಾಲ್ಕು ಪೀರಿಯಡ್, ನಾಲ್ಕು ಜನ ಉಪನ್ಯಾಸಕರು. ಒಂದು ಪುಸ್ತಕ ಮುಚ್ಚಿದ ಮೇಲೆ ಇನ್ನೊಂದನ್ನು ತೆರೆಯುತ್ತೇವೆ. ಡಾಕ್ಟರ್ ಆಗಬೇಕೆನ್ನುವವರು ಗಣಿತವನ್ನು ಹೊರೆ ಎಂದು ಭಾವಿಸುತ್ತಾರೆ, ಇಂಜಿನಿಯರ್ ಆಗಬೇಕೆನ್ನುವವರು ಜೀವಶಾಸ್ತ್ರದಿಂದ ದೂರ ಉಳಿಯುತ್ತಾರೆ. ಈ ನಾಲ್ಕೂ ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ತೆರೆದಿಟ್ಟುಕೊಂಡು ಕೆಲಸ ಮಾಡುವ ಒಂದು ಕ್ಷೇತ್ರವಿದೆ. ಅದನ್ನು ಜೀವಭೌತ ರಸಾಯನಶಾಸ್ತ್ರ, ಅಂದರೆ ಬಯೋಫಿಸಿಕಲ್ ಕೆಮಿಸ್ಟ್ರಿ ಎನ್ನುತ್ತಾರೆ. ಜೀವಿಗಳ ದೇಹದಲ್ಲಿರುವ ಅಣುಗಳ ಆಕಾರ, ಚಲನೆ ಮತ್ತು ಕೆಲಸವನ್ನು ಭೌತಶಾಸ್ತ್ರದ ಉಪಕರಣಗಳಿಂದ, ರಸಾಯನಶಾಸ್ತ್ರದ ನಿಯಮಗಳಿಂದ, ಗಣಿತದ ಭಾಷೆಯಿಂದ ಅರಿಯುವುದು ಅದರ ಉದ್ದೇಶ. ಭಾರತದಲ್ಲಿ ಈ ಕ್ಷೇತ್ರ ಬೇರೂರಿದ ಕಥೆ ಬಹುಪಾಲು ರಾಮಚಂದ್ರನ್ ಅವರ ಬದುಕಿನ ಕಥೆಯೇ ಆಗಿದೆ.

ಬಾಲ್ಯ ಮತ್ತು ಬೆಂಗಳೂರು

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಇಂದಿನ ಕೇರಳದ ಎರ್ನಾಕುಲಂನಲ್ಲಿ. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು, ಮುಂದೆ ಪ್ರಾಂಶುಪಾಲರೂ ಆದರು. ಮನೆಯಲ್ಲೇ ಗಣಿತದ ಮೇಷ್ಟ್ರು ಇದ್ದುದರಿಂದ ಹುಡುಗನಿಗೆ ಲೆಕ್ಕವೆಂದರೆ ಭಯವಿರಲಿಲ್ಲ. ಕೊನೆಯವರೆಗೂ ಅವರ ಎಲ್ಲ ಸಂಶೋಧನೆಯ ತಳಪಾಯವಾಗಿ ಉಳಿದದ್ದು ಈ ಗಣಿತವೇ.

ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಬಿಎಸ್ಸಿ ಆನರ್ಸ್ ಮುಗಿಸಿ, 1942ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ನಮ್ಮ ಜನರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ಅವರು ಸೇರಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ವಿಭಾಗಕ್ಕೆ. ಆಗ ಅಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಸರ್ ಸಿ.ವಿ. ರಾಮನ್. ರಾಮಚಂದ್ರನ್ ಅವರ ಮನಸ್ಸು ಭೌತಶಾಸ್ತ್ರದ ಕಡೆಗೇ ಇತ್ತು. ರಾಮನ್ ಅವರೂ ಈ ಹುಡುಗನ ಬುದ್ಧಿಶಕ್ತಿಯನ್ನು ಗುರುತಿಸಿ ತಮ್ಮ ವಿಭಾಗಕ್ಕೆ ಸೇರಿಸಿಕೊಂಡರು. ಒಮ್ಮೆ ಆರಿಸಿಕೊಂಡ ಕೋರ್ಸನ್ನು ಬದಲಿಸುವುದು ಸೋಲು ಎಂದು ತಿಳಿಯುವವರು ಈ ಘಟನೆಯನ್ನು ನೆನಪಿನಲ್ಲಿಡಬೇಕು.

ರಾಮನ್ ಅವರ ಬಳಿ ರಾಮಚಂದ್ರನ್ ಬೆಳಕು ಮತ್ತು ಹರಳುಗಳ ಬಗ್ಗೆ ಕೆಲಸ ಮಾಡಿದರು. ವಜ್ರದೊಳಗಿನ ದೋಷಗಳನ್ನು ಎಕ್ಸ್-ಕಿರಣಗಳಿಂದ ಚಿತ್ರಿಸುವುದನ್ನು ಕಲಿತರು. 1947ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಡಿಎಸ್ಸಿ ಪದವಿ ಬಂತು. ಆ ಬಳಿಕ ಎರಡು ವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದು, ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ವೂಸ್ಟರ್ ಎಂಬ ವಿಜ್ಞಾನಿಯ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಪಡೆದರು. 1949ರಲ್ಲಿ ಬೆಂಗಳೂರಿಗೆ ಮರಳಿ ಸಹಾಯಕ ಪ್ರಾಧ್ಯಾಪಕರಾದರು. ಅಲ್ಲಿಯವರೆಗೂ ಅವರು ಪಕ್ಕಾ ಭೌತಶಾಸ್ತ್ರಜ್ಞರು. ಜೀವಶಾಸ್ತ್ರದ ಗಂಧವೂ ಅವರಿಗಿರಲಿಲ್ಲ ಎಂದರೆ ತಪ್ಪಾಗದು.

ಮದ್ರಾಸಿನಲ್ಲಿ ಹೊಸ ಪ್ರಶ್ನೆ

1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಹೊಸದಾಗಿ ಭೌತಶಾಸ್ತ್ರ ವಿಭಾಗ ತೆರೆಯಿತು. ಕುಲಪತಿಯಾಗಿದ್ದ ಡಾ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರಿಗೆ ರಾಮನ್ ಸೂಚಿಸಿದ್ದು ತಮ್ಮ ಈ ಶಿಷ್ಯನ ಹೆಸರನ್ನು. ಸುಮಾರು 30ರ ವಯಸ್ಸಿನಲ್ಲಿ ರಾಮಚಂದ್ರನ್ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು. ಎಕ್ಸ್-ಕಿರಣ ಪ್ರಯೋಗಾಲಯ ಕಟ್ಟಿದರು. ಆದರೆ ಅದರಿಂದ ಬಿಡಿಸಬೇಕಾದ ದೊಡ್ಡ ಪ್ರಶ್ನೆ ಯಾವುದು?

ಆ ದಿನಗಳಲ್ಲಿ ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನಿ ಜೆ.ಡಿ. ಬರ್ನಾಲ್ ಮದ್ರಾಸಿಗೆ ಬಂದಿದ್ದರು. ಕೊಲಾಜನ್ ರಚನೆ ಇನ್ನೂ ಸರಿಯಾಗಿ ಬಗೆಹರಿದಿಲ್ಲ ಎಂಬ ವಿಷಯ ಅವರೊಡನೆ ನಡೆದ ಮಾತುಕತೆಯಲ್ಲಿ ಬಂತು. ರಾಮಚಂದ್ರನ್ ಅದನ್ನು ಹಿಡಿದುಕೊಂಡರು. ಅಮೆರಿಕದ ಮಹಾನ್ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ಮತ್ತು ಅವರ ಜೊತೆಗಾರ ಕೋರಿ 1951ರಲ್ಲಿ ಕೊಲಾಜನ್‌ಗೆ ಒಂದು ಮಾದರಿ ಸೂಚಿಸಿದ್ದರು, ಅದು ಎಕ್ಸ್-ಕಿರಣದ ಚಿತ್ರಗಳಿಗೆ ಹೊಂದಿರಲಿಲ್ಲ. ಪಾಲಿಂಗ್ ಅವರಂಥವರೇ ಎಡವಿದ ಜಾಗಕ್ಕೆ ಮದ್ರಾಸಿನ ಯುವ ಪ್ರಾಧ್ಯಾಪಕ ಕಾಲಿಟ್ಟರು.

ಕೊಲಾಜನ್ ನಮಗೆ ಅಪರಿಚಿತ ವಸ್ತುವೇನಲ್ಲ. ನಮ್ಮ ಚರ್ಮ, ಮೂಳೆ, ಮೃದ್ವಸ್ಥಿ, ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ ಎಲ್ಲದರಲ್ಲೂ ಅದಿದೆ. ಮನೆಯಲ್ಲಿ ಕಾಲಿನ ಪಾಯಾ ಮಾಡಿದಾಗ ತಣ್ಣಗಾದ ಮೇಲೆ ಸಾರು ಗಟ್ಟಿಯಾಗುತ್ತದಲ್ಲ, ಗಂಟೆಗಟ್ಟಲೆ ಬೆಂದು ಬಿಚ್ಚಿಕೊಂಡ ಕೊಲಾಜನ್ನೇ ಅದಕ್ಕೆ ಕಾರಣ. ಹಾಗೆ ಬಿಚ್ಚಿಕೊಂಡದ್ದಕ್ಕೆ ಜೆಲಟಿನ್ ಎಂದು ಹೆಸರು. ಚರ್ಮ ಹದ ಮಾಡುವವರಿಗೂ ಕೊಲಾಜನ್ ಮುಖ್ಯ. ರಾಮಚಂದ್ರನ್ ಅವರ ವಿಭಾಗದ ಹತ್ತಿರದಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದ್ದುದು ಅನುಕೂಲವಾಯಿತು. ಕಾಂಗರೂ ಬಾಲದ ಸ್ನಾಯುಹುರಿ ಅಲ್ಲಿಂದ ದೊರೆಯಿತು. ಅದರಲ್ಲಿ ಕೊಲಾಜನ್ ಎಳೆಗಳು ಒಂದೇ ದಿಕ್ಕಿನಲ್ಲಿ ಅಚ್ಚುಕಟ್ಟಾಗಿ ಜೋಡಣೆಯಾಗಿರುವುದರಿಂದ ಒಳ್ಳೆಯ ಎಕ್ಸ್-ಕಿರಣ ಚಿತ್ರ ಸಿಗುತ್ತಿತ್ತು. ಹೀಗೆ ಚರ್ಮ ಹದ ಮಾಡುವ ವಿದ್ಯೆಯ ಮನೆಯಿಂದ ಬಂದ ವಸ್ತು, ಭೌತಶಾಸ್ತ್ರದ ಯಂತ್ರದಲ್ಲಿ ಕುಳಿತು, ಜೀವಶಾಸ್ತ್ರದ ಪ್ರಶ್ನೆಗೆ ಉತ್ತರ ಕೊಡತೊಡಗಿತು.

ಮೂರು ಎಳೆಗಳ ಹಗ್ಗ

ಚಿತ್ರ ಸಿಕ್ಕರೆ ಸಾಲದು, ಅದನ್ನು ಓದಬೇಕು. ಇಲ್ಲಿ ನೆರವಿಗೆ ಬಂದದ್ದು ರಸಾಯನಶಾಸ್ತ್ರ. ಕೊಲಾಜನ್‌ನಲ್ಲಿರುವ ಅಮೈನೋ ಆಮ್ಲಗಳನ್ನು ಎಣಿಸಿದರೆ ಸುಮಾರು ಮೂರನೇ ಒಂದು ಭಾಗ ಗ್ಲೈಸೀನ್. ಎಲ್ಲ ಅಮೈನೋ ಆಮ್ಲಗಳಲ್ಲಿ ಅತಿ ಚಿಕ್ಕದು ಅದೇ. ಪ್ರೋಲೀನ್ ಮತ್ತು ಹೈಡ್ರಾಕ್ಸಿಪ್ರೋಲೀನ್ ಕೂಡ ಹೇರಳವಾಗಿವೆ. ಪ್ರತಿ ಮೂರನೆಯದು ಗ್ಲೈಸೀನ್ ಆಗಿರಬೇಕಾದರೆ ಅದಕ್ಕೊಂದು ಕಾರಣ ಇರಲೇಬೇಕು ಎಂದು ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಗೋಪೀನಾಥ್ ಕರ್ತಾ ಯೋಚಿಸಿದರು.

ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಅವರ ಉತ್ತರ ಸುಲಭವಾಗಿ ಅರ್ಥವಾಗುತ್ತದೆ. ಮೂರು ಎಳೆಗಳು ಒಂದರ ಪಕ್ಕ ಒಂದು ನಿಂತಿವೆ. ಪ್ರತಿಯೊಂದು ಎಳೆಯೂ ತಾನೇ ಒಂದು ಸುರುಳಿ. ಮೂರೂ ಸೇರುವ ನಡುಭಾಗದಲ್ಲಿ ಜಾಗ ಬಹಳ ಕಡಿಮೆ. ಅಲ್ಲಿಗೆ ಬರುವ ಅಮೈನೋ ಆಮ್ಲ ಅತಿ ಚಿಕ್ಕದಾಗಿರಲೇಬೇಕು. ಆದ್ದರಿಂದಲೇ ಪ್ರತಿ ಮೂರನೆಯ ಜಾಗದಲ್ಲಿ ಗ್ಲೈಸೀನ್. ಎಳೆಗಳ ನಡುವಿನ ಹೈಡ್ರೋಜನ್ ಬಂಧಗಳು ಅವನ್ನು ಬಿಗಿಯಾಗಿ ಹಿಡಿದಿಡುತ್ತವೆ. ಈ ಮಾದರಿ 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಅದನ್ನು ಅವರೇ ತಿದ್ದಿ, ಮೂರು ಸುರುಳಿಗಳೂ ಸೇರಿ ಒಂದರ ಸುತ್ತ ಒಂದು ಮತ್ತೆ ಹೊಸೆದುಕೊಂಡಿವೆ ಎಂದು ತೋರಿಸಿದರು. ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ಜೋಡಿ ಸುರುಳಿಯನ್ನು ಪ್ರಕಟಿಸಿ ಆಗಿನ್ನೂ ಎರಡು ವರ್ಷವಾಗಿತ್ತಷ್ಟೆ.

ಈ ರಚನೆಗೂ ನಮ್ಮ ಆರೋಗ್ಯಕ್ಕೂ ನೇರ ಸಂಬಂಧವಿದೆ. ನಡುವಿನ ಒಂದು ಗ್ಲೈಸೀನ್ ಜಾಗದಲ್ಲಿ ಬೇರೆ ದೊಡ್ಡ ಅಮೈನೋ ಆಮ್ಲ ಬಂದರೂ ಹಗ್ಗ ಸರಿಯಾಗಿ ಹೊಸೆಯುವುದಿಲ್ಲ. ಹುಟ್ಟಿನಿಂದಲೇ ಮೂಳೆ ಸುಲಭವಾಗಿ ಮುರಿಯುವ ಕಾಯಿಲೆ ಎಷ್ಟೋ ಮಕ್ಕಳಿಗೆ ಬರುವುದು ಹೀಗೆ. ಇನ್ನು ಪ್ರೋಲೀನ್ ಹೈಡ್ರಾಕ್ಸಿಪ್ರೋಲೀನ್ ಆಗಲು ವಿಟಮಿನ್ ಸಿ ಬೇಕು. ಅದು ಸಿಗದಿದ್ದರೆ ಹಗ್ಗ ಸಡಿಲವಾಗಿ, ವಸಡಿನಲ್ಲಿ ರಕ್ತ ಬರುವ ಸ್ಕರ್ವಿ ರೋಗ ಕಾಣಿಸುತ್ತದೆ. ಅಣುವಿನ ಆಕಾರ ತಿಳಿದಾಗ ರೋಗದ ಕಾರಣವೂ ತಿಳಿಯುತ್ತದೆ.

ಟೀಕೆಗೆ ಕೊಟ್ಟ ಉತ್ತರ

ಕೊಲಾಜನ್ ಮಾದರಿಗೆ ಹೊಗಳಿಕೆಯ ಜೊತೆಗೆ ಆಕ್ಷೇಪವೂ ಬಂತು. ಆಕ್ಷೇಪಿಸಿದವರು ಅಲೆಕ್ಸಾಂಡರ್ ರಿಚ್ ಮತ್ತು ಅದೇ ಫ್ರಾನ್ಸಿಸ್ ಕ್ರಿಕ್. ಮೂರು ಎಳೆ ಎಂಬ ಮೂಲ ಕಲ್ಪನೆಯನ್ನು ಅವರು ಒಪ್ಪಿದರು. ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ತೀರಾ ಹತ್ತಿರ ಬಂದಿವೆ, ಪ್ರತಿ ಮೂರು ಅಮೈನೋ ಆಮ್ಲಗಳಿಗೆ ಎರಡು ಹೈಡ್ರೋಜನ್ ಬಂಧ ಇರಲಾರವು, ಒಂದೇ ಇರಬೇಕು ಎಂದು ವಾದಿಸಿದರು. ಹೈಡ್ರೋಜನ್ ಬಂಧದ ಎಣಿಕೆಯಲ್ಲಿ ಮುಂದೆ ವಿಜ್ಞಾನ ಲೋಕ ಒಪ್ಪಿದ್ದು ರಿಚ್ ಮತ್ತು ಕ್ರಿಕ್ ಅವರ ಮಾತನ್ನು. ಮೂರೆಳೆಯ ಹಗ್ಗ, ನಡುವೆ ಗ್ಲೈಸೀನ್ ಎಂಬ ರಾಮಚಂದ್ರನ್ ಅವರ ಮೂಲ ಕಲ್ಪನೆ ಮಾತ್ರ ಗಟ್ಟಿಯಾಗಿ ನಿಂತಿತು. 1994ರಲ್ಲಿ ಕೊಲಾಜನ್ ಮಾದರಿಯ ಚಿಕ್ಕ ಪೆಪ್ಟೈಡ್ ಒಂದರ ಹರಳಿನಿಂದ ಪರಮಾಣುಗಳ ಸ್ಥಾನವೇ ಸ್ಪಷ್ಟವಾಗಿ ಕಂಡಾಗ ಅದು ಖಚಿತವಾಯಿತು.

ಆದರೆ ಈ ಟೀಕೆಯಿಂದ ಹುಟ್ಟಿದ್ದು ಇನ್ನೂ ದೊಡ್ಡದು. ಬೇರೆಯವರಾಗಿದ್ದರೆ ವಾದದ ಮೇಲೆ ವಾದ ಹೂಡುತ್ತಾ ಕಾಲ ಕಳೆಯುತ್ತಿದ್ದರೇನೋ. ರಾಮಚಂದ್ರನ್ ಟೀಕೆಯ ಒಳಗಿದ್ದ ಪ್ರಶ್ನೆಯನ್ನು ಹೊರತೆಗೆದರು. ತೀರಾ ಹತ್ತಿರ ಎಂದರೆ ಎಷ್ಟು ಹತ್ತಿರ? ಎರಡು ಪರಮಾಣುಗಳು ಎಷ್ಟು ಸಮೀಪಕ್ಕೆ ಬರಬಹುದು? ಇದಕ್ಕೆ ಅವರು ಅಂದಾಜಿನ ಉತ್ತರ ಬಯಸಲಿಲ್ಲ. ಅದುವರೆಗೆ ಪ್ರಕಟವಾಗಿದ್ದ ಚಿಕ್ಕ ಅಣುಗಳ ಹರಳಿನ ರಚನೆಗಳನ್ನೆಲ್ಲ ಹುಡುಕಿ, ಪರಮಾಣುಗಳ ನಡುವಿನ ಅಂತರಗಳ ಪಟ್ಟಿ ಮಾಡಿಸಿದರು. ಆ ಪಟ್ಟಿಯನ್ನು ಇಟ್ಟುಕೊಂಡು ಕೊಲಾಜನ್ ಒಂದಕ್ಕೇ ನಿಲ್ಲದೆ, ಯಾವುದೇ ಪ್ರೋಟೀನ್ ಸರಪಳಿ ಯಾವ ಯಾವ ಆಕಾರ ತಾಳಬಹುದು ಎಂದು ಲೆಕ್ಕ ಹಾಕಲು ಹೊರಟರು. ಜೊತೆಗಿದ್ದವರು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್.

ರಾಮಚಂದ್ರನ್ ನಕ್ಷೆ

ಈ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕಾಲೇಜಿನ ಹತ್ತಾರು ಐಡಿ ಕಾರ್ಡುಗಳನ್ನು ತೆಗೆದುಕೊಂಡು ಮೂಲೆಗೆ ಮೂಲೆ ಸೇರಿಸಿ ಕಟ್ಟಿದ್ದೇವೆ ಎಂದುಕೊಳ್ಳಿ. ಕಾರ್ಡು ಮಡಚುವುದಿಲ್ಲ, ಆದರೆ ಗಂಟಿನ ಬಳಿ ತಿರುಗುತ್ತದೆ. ಪ್ರೋಟೀನ್ ಸರಪಳಿಯೂ ಹೀಗೆಯೇ. ಎರಡು ಅಮೈನೋ ಆಮ್ಲಗಳನ್ನು ಸೇರಿಸುವ ಪೆಪ್ಟೈಡ್ ಬಂಧದ ಭಾಗ ಕಾರ್ಡಿನಂತೆ ಚಪ್ಪಟೆ, ಬಿಗಿ. ಎರಡು ಕಾರ್ಡುಗಳು ಸೇರುವ ಗಂಟಿನಲ್ಲಿ ಆಲ್ಫಾ ಕಾರ್ಬನ್ ಇದೆ. ಅದರ ಒಂದು ಬದಿಯ ತಿರುವಿಗೆ ಫೈ ಕೋನ, ಇನ್ನೊಂದು ಬದಿಯ ತಿರುವಿಗೆ ಸೈ ಕೋನ ಎಂದು ಹೆಸರು. ಈ ಎರಡು ಕೋನಗಳು ಗೊತ್ತಾದರೆ ಆ ಜಾಗದಲ್ಲಿ ಸರಪಳಿ ಯಾವ ಕಡೆ ತಿರುಗಿದೆ ಎಂಬುದು ಗೊತ್ತಾಗುತ್ತದೆ.

ಪ್ರತಿ ಕೋನವೂ ಮೈನಸ್ 180 ಡಿಗ್ರಿಯಿಂದ ಪ್ಲಸ್ 180 ಡಿಗ್ರಿಯವರೆಗೆ ಇರಬಹುದು. ಫೈ ಕೋನವನ್ನು ಎಕ್ಸ್ ಅಕ್ಷದ ಮೇಲೆ, ಸೈ ಕೋನವನ್ನು ವೈ ಅಕ್ಷದ ಮೇಲೆ ಇಟ್ಟರೆ ಒಂದು ಚೌಕ ಸಿಗುತ್ತದೆ. ಅದರ ಪ್ರತಿಯೊಂದು ಬಿಂದುವೂ ಒಂದು ಭಂಗಿ. ಯಾವ ಭಂಗಿಯಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಯಾವುದರಲ್ಲಿ ಹೊಡೆಯುವುದಿಲ್ಲ ಎಂದು ಒಂದೊಂದಾಗಿ ಲೆಕ್ಕ ಹಾಕಬೇಕು. ಇಂದಿನಂತೆ ಕಂಪ್ಯೂಟರ್ ಕೈಗೆಟುಕದ ಕಾಲ. ಮೇಜಿನ ಮೇಲಿನ ಲೆಕ್ಕದ ಯಂತ್ರಗಳಲ್ಲೇ ಅವರು ಇದನ್ನು ಮಾಡಿದರು. ಕೊನೆಗೆ ಕಂಡದ್ದು ಒಂದು ಭೂಪಟದಂಥ ಚಿತ್ರ. ಬಹುಪಾಲು ಸಮುದ್ರ, ಅಂದರೆ ಆಗದ ಭಂಗಿಗಳು. ನಡುನಡುವೆ ಕೆಲವೇ ದ್ವೀಪಗಳು, ಅಂದರೆ ಆಗಬಹುದಾದ ಭಂಗಿಗಳು. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಓದುವ ಆಲ್ಫಾ ಹೆಲಿಕ್ಸ್ ಒಂದು ದ್ವೀಪದಲ್ಲಿ ಬಿತ್ತು, ಬೀಟಾ ಹಾಳೆ ಇನ್ನೊಂದರಲ್ಲಿ. ಗ್ಲೈಸೀನ್ ಚಿಕ್ಕದಾದ್ದರಿಂದ ಅದಕ್ಕೆ ಮಾತ್ರ ವಿಶಾಲವಾದ ನೆಲ ಸಿಕ್ಕಿತು.

1963ರಲ್ಲಿ ಈ ಕೆಲಸ ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿಯಲ್ಲಿ ಪ್ರಕಟವಾಯಿತು. ಜಗತ್ತು ಅದನ್ನು ರಾಮಚಂದ್ರನ್ ನಕ್ಷೆ ಎಂದು ಕರೆಯಿತು. ಇಂದಿಗೂ ಯಾವುದೇ ದೇಶದಲ್ಲಿ ಹೊಸ ಪ್ರೋಟೀನ್ ರಚನೆಯನ್ನು ಕಂಡುಹಿಡಿದರೆ, ಅದು ಸರಿಯಿದೆಯೇ ಎಂದು ನೋಡುವ ಮುಖ್ಯ ಪರೀಕ್ಷೆಗಳಲ್ಲಿ ಈ ನಕ್ಷೆಯೂ ಒಂದು. ಬಿಂದುಗಳು ದ್ವೀಪಗಳ ಮೇಲೆ ಬೀಳದೆ ಸಮುದ್ರದಲ್ಲಿ ಬಿದ್ದರೆ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು. ಈ ನಕ್ಷೆಯಲ್ಲಿ ತ್ರಿಕೋನಮಿತಿ ಗಣಿತದ್ದು, ಬಂಧ ರಸಾಯನಶಾಸ್ತ್ರದ್ದು, ಅಳತೆ ಭೌತಶಾಸ್ತ್ರದ್ದು, ಪ್ರೋಟೀನ್ ಜೀವಶಾಸ್ತ್ರದ್ದು. ಒಂದನ್ನು ತೆಗೆದರೂ ನಕ್ಷೆ ಇಲ್ಲ.

ಮತ್ತೆ ಬೆಂಗಳೂರು

1970ರಲ್ಲಿ ರಾಮಚಂದ್ರನ್ ಮದ್ರಾಸ್ ಬಿಟ್ಟರು. ಕೆಲಕಾಲ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿದ್ದರು. ಆಗ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರನ್ನು ಬೆಂಗಳೂರಿಗೆ ಕರೆದರು. 1971ರ ಹೊತ್ತಿಗೆ ಅಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಆರಂಭವಾಯಿತು. ಹೆಸರೇ ಹೇಳುವಂತೆ ಅದು ಒಂದು ವಿಷಯದ ವಿಭಾಗವಲ್ಲ. ಅಣು ಎಂಬುದು ರಸಾಯನಶಾಸ್ತ್ರದ ಮಾತು, ಜೀವ ಮತ್ತು ಭೌತ ಎರಡೂ ಜೊತೆಗಿವೆ. ಹರಳುಗಳನ್ನು ಅಭ್ಯಾಸ ಮಾಡಿದ್ದ ಎಂ. ವಿಜಯನ್ ಅಲ್ಲಿ ಪ್ರೋಟೀನ್ ಹರಳುಗಳ ಸಂಶೋಧನೆಯನ್ನು ಬೆಳೆಸಿದರು. ರಸಾಯನಶಾಸ್ತ್ರಜ್ಞರಾದ ಪಿ. ಬಲರಾಮ್ ಪೆಪ್ಟೈಡ್‌ಗಳ ಮೇಲೆ ಕೆಲಸ ಮಾಡಿದರು, ಮುಂದೆ ಸಂಸ್ಥೆಯ ನಿರ್ದೇಶಕರೂ ಆದರು. ಒಬ್ಬರು ಕಟ್ಟಿದ ವಿಭಾಗದಲ್ಲಿ ಬೇರೆ ಬೇರೆ ಹಿನ್ನೆಲೆಯವರು ಸೇರಿ ಒಂದು ಪರಂಪರೆ ಬೆಳೆಯಿತು. ನಮ್ಮ ರಾಜ್ಯದ ರಾಜಧಾನಿಯಲ್ಲಿ ಅದು ಇಂದಿಗೂ ನಡೆಯುತ್ತಿದೆ.

1971ರಲ್ಲೇ ರಾಮಚಂದ್ರನ್ ಅವರ ಇನ್ನೊಂದು ಕೊಡುಗೆ ಹೊರಬಂತು. ಒಂದು ವಸ್ತುವಿನ ಹಲವು ದಿಕ್ಕಿನ ಎಕ್ಸ್-ಕಿರಣ ಚಿತ್ರಗಳಿಂದ ಅದರ ಒಳಗಿನ ಪೂರ್ಣ ಚಿತ್ರವನ್ನು ಗಣಿತದ ಮೂಲಕ ಮತ್ತೆ ಕಟ್ಟುವ ಸರಳ ವಿಧಾನವನ್ನು ಅವರು ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಪ್ರಕಟಿಸಿದರು. ಸಿಟಿ ಸ್ಕ್ಯಾನ್ ಯಂತ್ರ ಚಿತ್ರ ಮೂಡಿಸುವುದರ ಹಿಂದೆ ಇಂಥದ್ದೇ ಗಣಿತವಿದೆ. ಇಬ್ಬರ ಹೆಸರಿನ ಮೊದಲ ಭಾಗ ಸೇರಿಸಿ ಇಂಜಿನಿಯರುಗಳು ಅದನ್ನು ರಾಮ್-ಲಾಕ್ ಫಿಲ್ಟರ್ ಎಂದು ಕರೆಯುತ್ತಾರೆ. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಬಿಟ್ಟು ಹೋದ ಹುಡುಗನ ಹೆಸರು ಇಂಜಿನಿಯರಿಂಗ್ ಪುಸ್ತಕಗಳನ್ನೂ ಸೇರಿತು.

1961ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಹರಳುವಿಜ್ಞಾನದ ಅಂತರರಾಷ್ಟ್ರೀಯ ಎವಾಲ್ಡ್ ಪ್ರಶಸ್ತಿ ಅವರಿಗೆ ಬಂದವು. ನೊಬೆಲ್ ಬರಲಿಲ್ಲ. ಕೊನೆಯ ವರ್ಷಗಳು ಕಷ್ಟದವು. ಪಾರ್ಕಿನ್ಸನ್ ಕಾಯಿಲೆ ದೇಹವನ್ನು ಕುಗ್ಗಿಸಿತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ಅವರನ್ನು ಕಳೆದುಕೊಂಡರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ಅವರು ತೀರಿಕೊಂಡರು. ಇಂದು ನಮ್ಮ ತರಗತಿಗಳಲ್ಲಿ ಕುಳಿತಿರುವವರು ಆಗಿನ್ನೂ ಹುಟ್ಟಿರಲಿಲ್ಲ.

ನಮಗೆ ಇದರಿಂದ ಏನು?

ವಿದ್ಯಾರ್ಥಿ ಮಿತ್ರರೇ, ಪಿಯುಸಿ ಮುಗಿದ ಮೇಲೆ ಮನೆಯವರೂ ನೆಂಟರೂ ಕೇಳುವ ಪ್ರಶ್ನೆ ಒಂದೇ: ಮೆಡಿಕಲ್ಲಾ, ಇಂಜಿನಿಯರಿಂಗಾ? ಎರಡೂ ಒಳ್ಳೆಯ ದಾರಿಗಳೇ. ಸೀಟು ಸಿಗದವರು ಬಾಗಿಲು ಮುಚ್ಚಿತೆಂದು ಕೊರಗುವುದುಂಟು. ಆದರೆ ಈ ಎರಡರ ನಡುವೆ ದೊಡ್ಡ ಬಯಲಿದೆ. ಔಷಧಿ ಪ್ರೋಟೀನಿಗೆ ಎಲ್ಲಿ ಅಂಟುತ್ತದೆ, ವೈರಸ್ಸಿನ ಮೇಲ್ಮೈಯಲ್ಲಿ ಏನಿದೆ, ತಪ್ಪಾಗಿ ಮಡಚಿಕೊಂಡ ಪ್ರೋಟೀನ್ ಯಾವ ಕಾಯಿಲೆ ತರುತ್ತದೆ ಎಂಬ ಪ್ರಶ್ನೆಗಳೆಲ್ಲ ಆ ಬಯಲಿನಲ್ಲಿವೆ. ಭೌತಶಾಸ್ತ್ರದ ಬಿಎಸ್ಸಿಯಿಂದಲೂ ಅಲ್ಲಿಗೆ ಹೋಗಬಹುದು, ರಸಾಯನಶಾಸ್ತ್ರದಿಂದಲೂ, ಜೀವಶಾಸ್ತ್ರದಿಂದಲೂ, ಗಣಿತದಿಂದಲೂ.

ಅದಕ್ಕೆ ಈಗಲೇ ಮಾಡಬಹುದಾದ ತಯಾರಿಯೂ ಇದೆ. ಜೈವಿಕ ಅಣುಗಳ ಪಾಠ ಜೀವಶಾಸ್ತ್ರದಲ್ಲೂ ಇದೆ, ರಸಾಯನಶಾಸ್ತ್ರದಲ್ಲೂ ಇದೆ. ಎರಡನ್ನೂ ಒಂದೇ ಸಂಜೆ ಪಕ್ಕಪಕ್ಕದಲ್ಲಿ ಇಟ್ಟು ಓದಿ ನೋಡಿ. ಒಂದು ಪುಸ್ತಕ ಹೇಳದೆ ಬಿಟ್ಟದ್ದನ್ನು ಇನ್ನೊಂದು ಹೇಳಿರುತ್ತದೆ. ಎರಡರಲ್ಲೂ ಸಿಗದ ಪ್ರಶ್ನೆ ಎದ್ದರೆ ಬರೆದಿಟ್ಟುಕೊಳ್ಳಿ, ಉಪನ್ಯಾಸಕರನ್ನು ಕೇಳಿ. ಜೀವಶಾಸ್ತ್ರದ ಪ್ರಶ್ನೆಯನ್ನು ಭೌತಶಾಸ್ತ್ರದ ಮೇಡಂ ಬಳಿ ಕೇಳಲು ಹಿಂಜರಿಯಬೇಡಿ. ಯಾರಾದರೂ ನಿಮ್ಮ ಉತ್ತರದಲ್ಲಿ ತಪ್ಪು ತೋರಿಸಿದರೆ ಮುನಿಸಿಕೊಳ್ಳದೆ, ಆ ತಪ್ಪಿನೊಳಗೆ ಇರುವ ಪ್ರಶ್ನೆ ಯಾವುದೆಂದು ಹುಡುಕಿ. ರಾಮಚಂದ್ರನ್ ಅವರಿಗೆ ಜಗತ್ತಿನ ನಕ್ಷೆಯಲ್ಲಿ ಸ್ಥಾನ ಕೊಟ್ಟದ್ದು ಅಂಥ ಒಂದು ಹುಡುಕಾಟವೇ.